ಬೆಂಚಿನ ತುದಿಯಲ್ಲಿ ಕೂತವನು

ನಮ್ಮ ಮಾವ ಮಹಾಂತಪ್ಪನವರು ಲಾಸ್ ಏಂಜಲೀಸಿನ ವಿಮಾನ ನಿಲ್ದಾಣದಿಂದ ಸೆರಿಟೋಸ್‌ನ ನಮ್ಮ ಮನೆಗೆ ಬಂದ ದಿನ, ಬೂಟು ಬಿಚ್ಚುವ ಮೊದಲೇ ಅವರ ಕಣ್ಣಿಗೆ ಬಿದ್ದದ್ದು ಟೀವಿಯ ಮೇಲಿನ ಗೋಡೆಗೆ ತೂಗುಹಾಕಿದ್ದ ಅವರದೇ ಫೋಟೋ. ಹುಬ್ಬಳ್ಳಿಯ ಮಾರುತಿ ಮಿಲ್ಲಿನ ಹಾಕಿ ಟೀಮಿನ ಹಳೆಯ ಗ್ರೂಪ್ ಫೋಟೋ ಅದು. ಎಲ್ಲರ ನಡುವೆ, ಕಾಲಿಗೆ ದಪ್ಪ ಪ್ಯಾಡು ಕಟ್ಟಿಕೊಂಡು, ತೊಡೆಯ ಮೇಲೆ ಸ್ಟಿಕ್ ಅಡ್ಡ ಇಟ್ಟುಕೊಂಡು ಕೂತ ತೆಳ್ಳನೆಯ ಹುಡುಗನೇ ಮಾವ. ನನ್ನ ಗಂಡ ಓಂಪ್ರಕಾಶ್ ಅದನ್ನು ಆರ್ಟೀಷಿಯಾದ ಅಂಗಡಿಯೊಂದರಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಪ್ಪ ಬರುವುದರೊಳಗೆ ಗೋಡೆಗೇರಿಸಿದ್ದರು.

"ಇದನ್ನ ಯಾಕ ತಂದಿ ಇಲ್ಲೀತನಕ?" ಎಂದರು ಮಾವ.

"ಮತ್ತೇನ ತರಬೇಕಿತ್ತಪ್ಪಾ? ನಮ್ಮನ್ಯಾಗ ಹೇಳಿಕೊಳ್ಳಾಕ ಇರೂದ ಇದೊಂದು."

ಮಾವ ಮತ್ತೆ ಆ ಕಡೆ ನೋಡಲಿಲ್ಲ. ಸೋಫಾದಲ್ಲಿ ಟೀವಿಗೆ ಬೆನ್ನು ಮಾಡಿ ಕೂತು, "ಕೂಸು ಎಲ್ಲೈತಿ?" ಎಂದು ಕೇಳಿದರು. ಪ್ರಯಾಣದ ಸುಸ್ತು ಎಂದುಕೊಂಡೆ. ನನಗೆ ಬೇರೆಯವರ ಮುಖ ಓದುವಷ್ಟು ಪುರುಸೊತ್ತು ಆಗ ಎಲ್ಲಿತ್ತು? ಮಗಳು ಪ್ರಣೀತಾ ಆಗಷ್ಟೇ ಹೆಜ್ಜೆ ಇಡಲು ಶುರುಮಾಡಿದ್ದಳು. ನಾನು ಕೆಲಸಕ್ಕೆ ಮರಳಿ ಸೇರಿದ್ದೆ. ಡೇ ಕೇರಿನಲ್ಲಿ ಬಿಟ್ಟರೆ ದಿನಕ್ಕೊಂದು ನೆಗಡಿ, ಕಿವಿನೋವು. ಬಿಡದಿದ್ದರೆ ಕೆಲಸವಿಲ್ಲ. ಥರ್ಮಾಮೀಟರನ್ನು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಕಾಲ ಅದು. ಮಾವ ಬಂದದ್ದು ನನಗೆ ದೇವರೇ ಬಂದಂತಾಗಿತ್ತು.

ಅವರು ಮಗುವನ್ನು ನೋಡಿಕೊಳ್ಳುವ ರೀತಿಯೇ ಬೇರೆ. ಅಡುಗೆಮನೆಯ ಬಾಗಿಲಲ್ಲಿ ಗಿಡ್ಡ ಸ್ಟೂಲು ಹಾಕಿಕೊಂಡು, ಎರಡೂ ಕಾಲು ಅಗಲಿಸಿ ಕೂರುತ್ತಿದ್ದರು. ಒಲೆಯ ಕಡೆ ಓಡಿಬರುವ ಪುಟ್ಟಿ ಎಡಕ್ಕೆ ಬಂದರೆ ಎಡಗಾಲು, ಬಲಕ್ಕೆ ಬಂದರೆ ಬಲಗಾಲು. ಒಮ್ಮೆಯೂ ಅವಳು ದಾಟಲಿಲ್ಲ. ಆದರೆ ಅವಳು ರಬ್ಬರ್ ಚೆಂಡು ಉರುಳಿಸಿದರೆ ಮಾತ್ರ ಕಾಲು ಎತ್ತಿಬಿಡುತ್ತಿದ್ದರು.

"ಒಂದನ್ನಾದ್ರೂ ತಡೀರಿ ಮಾವ, ಸುಮ್ನೆ ಎಲ್ಲಾನೂ ಬಿಡ್ತೀರಲ್ಲ" ಎಂದರೆ, "ತಡದರ ಅಕಿ ನಗೂದಿಲ್ಲವಾ" ಎನ್ನುವರು. ಆಮೇಲೆ ತಾವೇ ಎದ್ದು ಹೋಗಿ, ಸೋಫಾದ ಕೆಳಗೆ ಬಗ್ಗಿ, ಚೆಂಡು ತಂದು ಅವಳ ಕೈಗೆ ಕೊಡುವರು. ಎಷ್ಟು ಸಲ ಬೇಕಾದರೂ.

ಹಿಂದಿನ ಬೇಸಿಗೆಯಲ್ಲಿ, ಅಂದರೆ ತೊಂಬತ್ತಮೂರರಲ್ಲಿ, ಲಾಸ್ ಏಂಜಲೀಸಿನ ಕಿಂಗ್ಸ್ ಟೀಮು ಐಸ್ ಹಾಕಿಯ ಫೈನಲ್ ತನಕ ಹೋಗಿ ಸೋತಿತ್ತು. ಅಲ್ಲಿಂದ ನಮ್ಮ ಗಂಡಸರಿಗೆ ಹುಚ್ಚು ಹಿಡಿಯಿತು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಕೆಲವು ಕನ್ನಡದ ಮನೆಗಳವರು ಸೇರುತ್ತಿದ್ದೆವು. ಹೆಂಗಸರು ಮನೆಗೊಂದು ಅಡುಗೆ ಮಾಡಿ ತರುವುದು, ಗಂಡಸರು ಉಣ್ಣುವುದು. ಊಟವಾದ ಮೇಲೆ ಗರಾಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಅವರ 'ಕೋರ್ಟು' ಶುರು. ಕೂತಾಗ ಒಂದಾದ ಮೇಲೊಂದು ಟೀಮು. ಆ ಟೀಮಿನ ಇಡೀ ಚರಿತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಗೋಲ್‌ಕೀಪರ್ ಯಾರು? ಒಬ್ಬೊಬ್ಬರು ಒಬ್ಬೊಬ್ಬನ ವಕೀಲರಾಗಿ ವಾದಿಸಬೇಕು. ಕೊನೆಗೆ ಚಹಾದ ಲೋಟ ಎತ್ತಿ ಓಟು. ಸೋತ ವಕೀಲ ಆ ದಿನದ ಪಾತ್ರೆಯನ್ನೆಲ್ಲ ತಿಕ್ಕಬೇಕು. ಸೋತವರು ಎರಡು ತಟ್ಟೆ ಸಿಂಕಿನಲ್ಲಿ ಹಿಡಿದು ನಿಲ್ಲುವಷ್ಟರಲ್ಲಿ ಯಾರದಾದರೂ ಹೆಂಡತಿ "ಬಿಡಿ ಅಣ್ಣ, ನಾವು ಮಾಡ್ತೀವಿ" ಎನ್ನುತ್ತಿದ್ದಳು. ಅವರು ಬಿಡುತ್ತಿದ್ದರು.

ಮಾವ ಬಂದ ಮೇಲಿನ ಮೊದಲ ಕೋರ್ಟು ನಮ್ಮ ಮನೆಯಲ್ಲಿ. ಕಾರ್ಲ್ಸ್‌ಬಾಡಿನಿಂದ ರೋಷನ್, ಅವನ ಹೆಂಡತಿ ತೃಪ್ತಿ ಬಂದಿದ್ದರು. ಮಂಗಳೂರಿನವರು. ರೋಷನ್ ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಬಾಯಿ ಚೂರಿಯಂಥದು, ಆದರೆ ಜೊತೆಗೆ ನಗುವೂ ಇರುವುದರಿಂದ ಚುಚ್ಚಿದ್ದು ಮನೆಗೆ ಹೋದ ಮೇಲೆಯೇ ತಿಳಿಯುವುದು. ಕಿಂಗ್ಸ್ ಟೀಮಿಗೆ ಓಂಪ್ರಕಾಶ್ ಹಳೆಯ ಗೋಲ್‌ಕೀಪರ್ ರೋಗಿ ವಶೋನ್‌ನ ಪರ ನಿಂತರು.

"ಎಂತ ಮಾರಾಯ, ಹೆಸರೇ ರೋಗಿ! ಅವನನ್ನು ಗೋಲಿನಲ್ಲಿ ನಿಲ್ಲಿಸುವುದಾ, ಆಸ್ಪತ್ರೆಗೆ ಸೇರಿಸುವುದಾ?" ಎಂದ ರೋಷನ್.

"ಕುಳ್ಳ ಆದ್ರೂ ಎಂಥಾ ಚುರುಕು! ಆಗಿನ ಕಾಲದ ಟೀಮ್ ನೋಡಿದ್ಯಾ? ಮುಂದೆ ಯಾರೂ ತಡೆಯೋರಿಲ್ಲ. ಇವನೊಬ್ಬನೇ."

ಶಿಕಾಗೋ ಟೀಮಿನ ಮಾತು ಬಂದಾಗ ಗ್ಲೆನ್ ಹಾಲ್ ಎಂಬ ಹಳಬನ ವಿಷಯ ತೆಗೆದರು. ಆತ ಮ್ಯಾಚಿಗೆ ಮೊದಲು ಹೆದರಿಕೆಯಿಂದ ವಾಂತಿ ಮಾಡಿಕೊಳ್ಳುತ್ತಿದ್ದನಂತೆ, ಆಮೇಲೆ ಹೋಗಿ ಬಂಡೆಯಂತೆ ನಿಲ್ಲುತ್ತಿದ್ದನಂತೆ. ಗರಾಜಿನ ಮೂಲೆಯಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಮಾವ, ಅಷ್ಟು ಹೊತ್ತು ಮಾತಾಡದವರು, "ಶೇಖಪ್ಪನೂ ಹಂಗ ಮಾಡತಿದ್ದ" ಎಂದರು.

"ಯಾವ ಶೇಖಪ್ಪ, ಅಪ್ಪಾ?"

"ನಮ್ಮ ಜೋಡಿ ಇದ್ದಾಂವ."

"ನೋಡ್ರಪಾ, ನಮ್ಮಪ್ಪಗೂ ಗೊತ್ತೈತಿ!" ಎಂದು ಓಂಪ್ರಕಾಶ್ ಎಲ್ಲರ ಕಡೆ ತಿರುಗಿದರು. ಆ ತಿರುಗುವಿಕೆಯಲ್ಲಿ ಇದ್ದ ಹೆಮ್ಮೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಲಾಂಗ್ ಬೀಚಿನಲ್ಲಿ ಅವರು ಕೆಲಸ ಮಾಡುತ್ತಿದ್ದ ವಿಮಾನ ಕಾರ್ಖಾನೆಯಲ್ಲಿ ಆ ವರ್ಷ ಜನರನ್ನು ಮನೆಗೆ ಕಳಿಸುತ್ತಿದ್ದರು. ಶುಕ್ರವಾರ ಬಂತೆಂದರೆ ಯಾರದಾದರೂ ಮೇಜಿನ ಮೇಲೆ ರಟ್ಟಿನ ಡಬ್ಬಿ. ಇವರ ಸರದಿ ಬಂದಿರಲಿಲ್ಲ, ಅಷ್ಟೆ. ಮನೆಗೆ ಬಂದು ಟೀವಿಯ ಮುಂದೆ ಕೂತು, ತಲೆ ಎತ್ತಿ ಒಂದು ಸಲ ಆ ಫೋಟೋ ನೋಡಿ, ಆಮೇಲೆ ಟೀವಿ ಹಾಕುತ್ತಿದ್ದರು.

ಟೀವಿಯಲ್ಲಿ ಮ್ಯಾಚು ಇದ್ದಾಗ ಮಾವನೂ ನೋಡುತ್ತಿದ್ದರು. ಆದರೆ ಎಲ್ಲರೂ ನೋಡುವುದನ್ನಲ್ಲ.

"ಆ ಟೊಪಗಿ ಹಾಕ್ಕೊಂಡು ಬೆಂಚಿನ ತುದಿಗೆ ಕುಂತಾನಲ್ಲ, ಅಂವ ಯಾರು?"

"ಅಂವಾ? ಎರಡನೇ ಗೋಲ್‌ಕೀಪರ್ ಅಪ್ಪಾ. ಸುಮ್ನ ಕುಂತಿರ್ತಾನ."

"ಹೆಸರೇನು?"

"ಯಾರಿಗ್ಗೊತ್ತು?"

"ಸುಮ್ನ ಎಲ್ಲಿ ಕುಂತಾನ? ನೋಡು, ಆಟಗಾರ ಬಂದ ಕೂಡ್ಲೇ ಬಾಗಲಾ ತೆಗದಾ. ಈಗ ಹಾಕಿದಾ."

ಅಂದಿನಿಂದ ನಾನೂ ನೋಡತೊಡಗಿದೆ. ನಿಜ. ಮೈತುಂಬ ಪ್ಯಾಡು ಕಟ್ಟಿಕೊಂಡು, ತಲೆಗೆ ಮಾತ್ರ ಕ್ಯಾಪು ಹಾಕಿಕೊಂಡು ಒಬ್ಬ ಕೂತಿರುತ್ತಾನೆ. ಆಟಗಾರರು ಒಳಗೆ ಬರುವಾಗ ಹೊರಗೆ ಹೋಗುವಾಗ ಬೆಂಚಿನ ಬಾಗಿಲು ತೆಗೆದು ಹಾಕುತ್ತಾನೆ. ಯಾವ ಟೀಮಾದರೂ ಅಷ್ಟೆ.

ಜನವರಿಯಲ್ಲಿ ಭೂಕಂಪವಾಯಿತಲ್ಲ, ಆಗ ಆ ಫೋಟೋ ಬಿದ್ದು ಗಾಜು ಒಡೆಯಿತು. ನಾನು ಪುಟ್ಟಿಯನ್ನು ಅಪ್ಪಿಕೊಂಡು ಊಟದ ಮೇಜಿನ ಕೆಳಗೆ ನಡುಗುತ್ತಿದ್ದೆ. ಎಲ್ಲ ನಿಂತ ಮೇಲೆ ಮಾವ ಗಾಜು ಆರಿಸುತ್ತಾ, "ಹೋಗ್ಲಿ ಬಿಡು ಓಂ, ಕೂಸಿಗೆ ಚುಚ್ಚೀತು. ಒಳಗ ಇಡು" ಎಂದರು. ಓಂಪ್ರಕಾಶ್ ಆ ದಿನವೇ ಹೊಸ ಗಾಜು ಹಾಕಿಸಿ ತಂದು, ಗೋಡೆಯೊಳಗಿನ ಮರದ ಕಂಬ ಹುಡುಕಿ, ಇನ್ನೂ ದಪ್ಪ ಮೊಳೆ ಹೊಡೆದರು.

ಅದಾದ ಮೇಲೆ ನಾನು ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಲಾರಿ ಹೋದರೂ ಪುಟ್ಟಿಯ ಕಡೆ ಓಡುತ್ತಿದ್ದೆ. ಒಂದು ಮಧ್ಯಾಹ್ನ ಪುಟ್ಟಿ ಮಲಗಿದ್ದಳು. ಮಾವ ಟೀವಿಯ ಸದ್ದು ತೆಗೆದು ಯಾವುದೋ ಹಳೆಯ ಮ್ಯಾಚು ನೋಡುತ್ತಿದ್ದರು. ಆ ಕ್ಯಾಪಿನವನು ಕಂಡಾಗ ಅವರು ತುಸು ಮುಂದಕ್ಕೆ ಬಾಗಿದ್ದನ್ನು ಕಂಡು ಕೇಳಿಯೇಬಿಟ್ಟೆ: "ಮಾವ, ಅವನನ್ನೇ ಯಾಕೆ ನೋಡ್ತೀರಿ?"

ಅವರು ಗೋಡೆಯ ಫೋಟೋ ಕಡೆ ಬೆರಳು ಮಾಡಿದರು. "ಆ ಪ್ಯಾಡು ನಂದಲ್ಲವಾ. ಶೇಖಪ್ಪಂದು."

ಆಮೇಲೆ ಬಿಡಿಬಿಡಿಯಾಗಿ ಹೇಳಿದರು. ಗದಗ-ಬೆಟಗೇರಿಯ ಮಗ್ಗದ ಮನೆಗಳ ಇಬ್ಬರು ಹುಡುಗರು, ಶೇಖಪ್ಪ ಮತ್ತು ಇವರು. ಇಬ್ಬರೂ ಮಿಷನ್ ಶಾಲೆಯ ಬಯಲಲ್ಲಿ ಹಾಕಿ ಕಲಿತವರು. ಮಾರುತಿ ಮಿಲ್ಲಿನವರು ಟೀಮು ಕಟ್ಟಿದಾಗ ಶೇಖಪ್ಪನನ್ನು ಕರೆದರು. ಅವನು "ನಮ್ಮ ಮಾಂತನಿಗೂ ಕೆಲಸ ಕೊಟ್ಟರೆ ಬರ್ತೀನಿ" ಎಂದ. ಹಾಗೆ ಇವರು ಎರಡನೆಯ ಗೋಲ್‌ಕೀಪರ್ ಆದರು. ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿ ಕೆಲಸ, ಸಂಜೆ ಮೈದಾನ. ಅಭ್ಯಾಸದಲ್ಲಿ ಶೇಖಪ್ಪನಿಗೆ ಚೆಂಡು ಹೊಡೆಯುವುದು, ಮ್ಯಾಚಿನ ದಿನ ಅವನು ವಾಂತಿ ಮಾಡುವಾಗ ಬೋಗುಣಿ ಹಿಡಿಯುವುದು, ಗೋಲಿನ ಹಿಂದೆ ನಿಂತು ಹೊರಗೆ ಹೋದ ಚೆಂಡು ತರುವುದು, ನೀರು ಕೊಡುವುದು, ಆಮೇಲೆ ಅಂಗಿಗಳನ್ನು ಗಂಟು ಕಟ್ಟಿ ಒಗೆಯಲು ಮನೆಗೆ ಒಯ್ಯುವುದು.

"ನೀವು ಆಡ್ಲೇ ಇಲ್ವಾ?"

"ಶೇಖಪ್ಪ ಬೀಳಲಿಲ್ಲಲ್ಲ. ಅಂವ ಬಿದ್ದರ ನಾ. ಬೀಳಲಿ ಅಂತ ಬೇಡಿಕೊಳ್ಳಾಕ ಬರತೈತೇನು? ಅವನ ಋಣದಾಗ ಕುಂತಾಂವ ನಾ." ಆಮೇಲೆ ಟೀವಿಯ ಕಡೆ ತಿರುಗಿ, "ಆದರೂ ಬೇಡಿಕೊಂಡೀನಿ ಬಿಡು" ಎಂದರು.

ಫೋಟೋ ತೆಗೆಯುವ ದಿನ ಶೇಖಪ್ಪನ ಮೈಮೇಲೆ ಸಿಡುಬು ಎದ್ದಿತ್ತಂತೆ. ಗೋಲ್‌ಕೀಪರ್ ಇಲ್ಲದೆ ಫೋಟೋ ಬೋಳು ಕಾಣುತ್ತದೆಂದು ಇವರಿಗೆ ಅವನ ಪ್ಯಾಡು ಕಟ್ಟಿ ನಡುವೆ ಕೂರಿಸಿದರು.

"ಆದ್ರೆ ಬೆಳಗಾವಿ ಮ್ಯಾಚು? ಎದೆಗೆ ಚೆಂಡು ಬಿದ್ದು ಬಾಯಲ್ಲಿ ರಕ್ತ ಬಂದ್ರೂ ನೀವು ಬಿಡಲಿಲ್ಲ ಅಂತ ಇವರು ಯಾವಾಗ್ಲೂ ಹೇಳ್ತಾರಲ್ಲ?"

ಮಾವ ನಕ್ಕರು. ಆ ನಗು ನೋಡಲು ಚೆನ್ನಾಗಿರಲಿಲ್ಲ. "ಅದೂ ಶೇಖಪ್ಪಂದ. ಅಂಗಿ ನಾ ಮನಿಗೆ ತಂದೆ, ಒಗೀಲಿಕ್ಕೆ. ಶಿವಕ್ಕ ಹೊಸದಾಗಿ ಬಂದಿದ್ಲು ಆಗ." ಶಿವಕ್ಕ ಎಂದರೆ ನಾನು ನೋಡದ ನನ್ನ ಅತ್ತೆ. "ಗಂಟು ಬಿಚ್ಚಿ ನೋಡಿದಾಕಿ ರಕ್ತ ನೋಡಿ ಅಳಾಕ ಹತ್ತಿದ್ಲು. ನಂದಂತ ತಿಳದ್ಲು. ಎಳಕೊಂಡು ಮಲಗಿಸಿ, ಉಪ್ಪು ಹುರದು ಅರಿವ್ಯಾಗ ಕಟ್ಟಿ ನನ್ನ ಎದಿಗೆ ಶಾಖಾ ಕೊಟ್ಲು. ಹೇಳೂಣಂದ್ರ... ಯಾರೂ ನನಗ ಅಷ್ಟು ಮಾಡಿದ್ದಿಲ್ಲವಾ. ಸುಮ್ನ ಬಿದ್ದಕೊಂಡೆ."

ಆಮೇಲೆ ಮೈದಾನಕ್ಕೆ ಎಂದೂ ಹೋಗದ ಶಿವಕ್ಕ ಮಗನಿಗೆ ಹೇಳಿದರು. ಮಗ ಶಾಲೆಯಲ್ಲಿ ಹೇಳಿದ. ಮಗ ಕಾಲೇಜಿಗೆ ಹೋಗಿ, ಸಮುದ್ರ ದಾಟಿ ಬಂದು, ಇಲ್ಲೂ ಹೇಳುತ್ತಿದ್ದಾನೆ. ಅತ್ತೆ ಹೋಗಿ ವರ್ಷಗಳಾದವು.

"ಓಂಗ ಹೇಳಬ್ಯಾಡವಾ. ಅಂವ ನನ್ನ ನೋಡೂ ಆ ಕಣ್ಣು... ಅದೊಂದು ಉಳೀಲಿ."

ಹೇಳಲಿಲ್ಲ ನಾನು. ಆದರೆ ಫೋಟೋದ ಧೂಳು ಒರೆಸುವಾಗ ನಾನೂ ಮುಖ ತಿರುಗಿಸತೊಡಗಿದೆ. ಅಷ್ಟು ಸಾಲದೆಂಬಂತೆ ಮುಂದಿನ ವಾರವೇ ಓಂಪ್ರಕಾಶ್ ಫೋನು ಇಟ್ಟು ಕುಣಿಯುತ್ತಾ ಬಂದರು.

ಆದದ್ದಿಷ್ಟು. ಐಸ್ ಹಾಕಿಯ ಟೀಮುಗಳೆಲ್ಲ ಹೆಚ್ಚುಕಮ್ಮಿ ಮುಗಿದಿದ್ದವು. ಈ ಸಲ ಊರಿನ ಟೀಮುಗಳ ಕೋರ್ಟು ಎಂದು ರೋಷನ್ ಹೇಳಿದ್ದ. ಇವರು ಮಾರುತಿ ಮಿಲ್ಲು ಎಂದಾಗ, "ನಿಮ್ಮ ಕಡೆ ಹಾಕಿ ಎಲ್ಲಿ ಉಂಟು? ಜೋಳದ ದಂಟಿನಲ್ಲಿ ಆಡುವುದಾ? ನಮ್ಮದು ಪ್ರೊಫೆಷನಲ್ ಟೀಮುಗಳ ಕೋರ್ಟು ಮಾರಾಯ" ಎಂದು ನಕ್ಕನಂತೆ. "ಸಂಬಳ ಕೊಟ್ಟು ಆಡಿಸ್ತಿದ್ರು, ಇನ್ನೇನು ಪ್ರೊಫೆಷನಲ್ ಅಂದ್ರೆ?" ಎಂದು ಇವರು. "ಹಾಗಾದರೆ ಸಾಕ್ಷಿ ತಾ" ಎಂದು ಅವನು. ಆಮೇಲೆ ಅವನೇ ಸಾಕ್ಷಿಯನ್ನೂ ಹುಡುಕಿದ್ದ. ಸ್ಯಾನ್ ಡಿಯಾಗೋದಲ್ಲಿ ಮಗಳ ಮನೆಗೆ ಬಂದಿರುವ ಅಣ್ಣಾಸಾಹೇಬ ಎಂಬ ಹಿರಿಯರು, ಹುಬ್ಬಳ್ಳಿಯವರು, ಆ ಕಾಲದಲ್ಲಿ ಮಾರುತಿ ಮಿಲ್ಲಿನ ಒಂದು ಮ್ಯಾಚೂ ಬಿಟ್ಟವರಲ್ಲವಂತೆ.

"ಅಪ್ಪಾ, ನಿಮ್ಮ ಕಣ್ಣಾರೆ ಕಂಡಾಂವ ಒಬ್ಬಾಂವ ಸಿಕ್ಕಾನ!"

ಮಾವ ಚಹಾದ ಲೋಟ ಕೆಳಗಿಟ್ಟರು. "ನಾ ಯಾಕ ಬಿಡಪಾ. ನನಗ ಮೈಯಾಗ ಆರಾಮಿಲ್ಲ."

ಆರಾಮಿಲ್ಲ ಎಂದರೆ ನನ್ನ ಕೈ ತಾನಾಗಿ ಥರ್ಮಾಮೀಟರಿಗೆ ಹೋಗುತ್ತದೆ, ಏನು ಮಾಡಲಿ? ಜ್ವರವಿರಲಿಲ್ಲ. "ನಾರ್ಮಲ್" ಎಂದು ಓಂಪ್ರಕಾಶ್ ನನ್ನ ಭುಜದ ಮೇಲಿಂದ ಓದಿದರು.

ಮಲಗುವ ಕೋಣೆಯಲ್ಲಿ ನಾನು ಪ್ರಯತ್ನಪಟ್ಟೆ. "ರೀ, ಮಾವನಿಗೆ ಇಷ್ಟ ಇಲ್ಲ. ಬಿಟ್ಬಿಡಿ. ಅಷ್ಟು ದೂರ ಫ್ರೀವೇನಲ್ಲಿ, ಪುಟ್ಟಿಗೂ ಶೀತ."

"ಅವರಿಗೆ ಸಂಕೋಚ ಕಣೇ. ಜೀವಮಾನ ಪೂರ್ತಿ ಸಂಕೋಚ. ಮಿಲ್ಲು ಮುಚ್ಚಿದಾಗ ಎಲ್ಲರೂ ಗಲಾಟೆ ಮಾಡಿದ್ರು, ಇವರು ಸುಮ್ಮನೆ ಮನೆಗೆ ಬಂದ್ರು. ಒಂದು ಸಲ, ನಾಲ್ಕು ಜನದ ಮುಂದೆ, ಇವರು ಯಾರು ಅಂತ ಯಾರಾದ್ರೂ ಹೇಳ್ಲಿ. ನಾನು ಕೇಳಬೇಕು." ಅದರ ಹಿಂದಿನ ಶುಕ್ರವಾರ ಅವರ ಪಕ್ಕದ ಮೇಜಿನವನು ಡಬ್ಬಿ ಹೊತ್ತುಕೊಂಡು ಹೋಗಿದ್ದ.

ಭಾನುವಾರ ಹೊರಟೆವು. ಎಡಕ್ಕೆ ಬೆಟ್ಟ, ಬಲಕ್ಕೆ ಸಮುದ್ರ. ಹಿಂದಿನ ಸೀಟಿನಲ್ಲಿ ಪುಟ್ಟಿಯ ಪಕ್ಕ ಮಾವ. ಕೋಟು ಹಾಕಿಸಿದ್ದರು ಮಗ. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಮಾವ ಗಂಟಲು ಸರಿಮಾಡಿಕೊಂಡು, "ಓಂ, ಒಂದು ಮಾತು ಹೇಳೂದೈತಿ" ಎಂದರು. ನಾನು ರೇಡಿಯೋ ಆರಿಸಿದೆ.

"ನೀವ ಏನೂ ಹೇಳಬ್ಯಾಡ್ರಿ ಅಪ್ಪಾ. ನೀವ ಸುಮ್ನ ಕೂಡ್ರಿ. ಇವತ್ತ ನಾ ಮಾತಾಡಾಂವ."

ಮಾವ ಸುಮ್ಮನೆ ಕೂತರು. ಅದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ರೋಷನ್ ಮನೆಯ ಹಿತ್ತಿಲಲ್ಲೇ ಕುರ್ಚಿ ಹಾಕಿದ್ದರು. ಅಣ್ಣಾಸಾಹೇಬರು ಆಗಲೇ ಬಂದು ಊಟ ಮುಗಿಸಿ ಬಿಸಿಲಿಗೆ ಕೂತಿದ್ದರು. ದಪ್ಪ ಕನ್ನಡಕ, ಕೊರಳಿಗೆ ಮಫ್ಲರು. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಆಮೇಲೆ ನಡೆದದ್ದರಲ್ಲಿ ಅವರದು ಏನೂ ತಪ್ಪಿಲ್ಲ. ಮಾವ ದೂರದ ಕುರ್ಚಿಯಲ್ಲಿ, ಪುಟ್ಟಿಯನ್ನು ಎದೆಯ ಮುಂದೆ ಗುರಾಣಿಯಂತೆ ಹಿಡಿದು ಕೂತರು.

ಓಂಪ್ರಕಾಶ್ ಎದ್ದು ನಿಂತು ವಾದ ಶುರುಮಾಡಿದರು. ಬೆಳಗಾವಿ ಮ್ಯಾಚು. ಕೊನೆಯ ನಿಮಿಷ. ಶಾರ್ಟ್ ಕಾರ್ನರ್. ಎದುರು ಟೀಮಿನ ಪಂಜಾಬಿ ಹೊಡೆದ ಚೆಂಡು. "ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಎದೆ ಕೊಟ್ಟರು. ಬಾಯಲ್ಲಿ ರಕ್ತ ಬಂತು, ಚೆಂಡು ಒಳಗೆ ಹೋಗಲಿಲ್ಲ. ಆ ಅಂಗಿ ಒಗೆದದ್ದು ನಮ್ಮವ್ವ!"

ಅಣ್ಣಾಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಖರೇ! ಖರೇ ಹೇಳ್ದಿ ತಮ್ಮಾ! ನಾ ಅಲ್ಲೇ ಇದ್ದೆ! ನಾನ ಅವನ್ನ ಟಾಂಗಾದಾಗ ಹಾಕ್ಕೊಂಡು ದವಾಖಾನಿಗೆ ಹೋಗಿದ್ದು!"

"ಕೇಳಿದ್ಯಾ ರೋಷನ್?" ಓಂಪ್ರಕಾಶ್ ಮುಖ ಅರಳಿತು. ಆ ಮುಖವನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

"ಶೇಖಪ್ಪ! ಆಹಾ, ಏನ್ ಆಟಪಾ ಅಂವಂದು! ಹುಲಿ! ನೀ ಶೇಖಪ್ಪನ ಮಗಾ ಏನು?"

ಓಂಪ್ರಕಾಶ್ ಮಾವನ ಕುರ್ಚಿಯ ಕಡೆ ಕೈ ತೋರಿಸಿದರು.

"ಶೇಖಪ್ಪ ಅಲ್ರಿ. ಮಹಾಂತಪ್ಪ. ಇವರು. ನಮ್ಮಪ್ಪ."

ಅಣ್ಣಾಸಾಹೇಬರು ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಬಂದರು. ಮಾವನ ಮುಖಕ್ಕೆ ಮುಖ ತಂದು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ಸಂತೋಷ ಉಕ್ಕಿ ಬಂತು. "ಎಲಾ ಇವನ! ನೀರಿನ ಮಾಂತ! ನೀ ನಮ್ಮ ನೀರಿನ ಮಾಂತ ಅಲ್ಲೇನೋ? ಗೋಲಿನ ಹಿಂದ ನಿಂತು ಚೆಂಡು ಆರಿಸಿ ಕೊಡತಿದ್ದಿ! ನಾವು ಹುಡುಗರು ಕೂಗತಿದ್ವಿ, 'ಏ ಮಾಂತಾ, ನೀರು ತಾರೋ' ಅಂತ!" ಎಂದು ಮಾವನನ್ನು ಮಗುವಿನ ಸಮೇತ ತಬ್ಬಿಕೊಂಡರು. ಪುಟ್ಟಿ ಹೆದರಿ ಅಳತೊಡಗಿದಳು. ನಾನು ಹೋಗಿ ಎತ್ತಿಕೊಂಡೆ.

ಯಾರೋ ಕಿಸಕ್ಕೆಂದರು. ರೋಷನ್ ನಗಲಿಲ್ಲ, ಅದೇ ಕೆಟ್ಟದಾಗಿತ್ತು. "ಇರಲಿ ಮಾರಾಯ, ನೀರು ಕೊಡುವವರೂ ಬೇಕಲ್ಲ ಟೀಮಿಗೆ" ಎಂದ, ಬಹಳ ಮೆತ್ತಗೆ.

"ಅಪ್ಪಾ?" ಎಂದರು ಓಂಪ್ರಕಾಶ್. ಇಲ್ಲ ಅನ್ನಿ ಎಂದು ಆ ಒಂದು ಶಬ್ದದಲ್ಲೇ ಬೇಡಿದರು. ಅಣ್ಣಾಸಾಹೇಬರಿಗೆ ವಯಸ್ಸಾಗಿತ್ತು. ಅವರಿಗೆ ಮರೆವು ಎಂದಿದ್ದರೂ ಎಲ್ಲರೂ ನಂಬುತ್ತಿದ್ದರು.

ಮಾವ ಬಗ್ಗಿ ಕಾಲಬಳಿಯಿದ್ದ ಚಹಾದ ಲೋಟ ತೆಗೆದುಕೊಂಡು ಎತ್ತಿ ಹಿಡಿದರು. "ಮಾರುತಿ ಮಿಲ್ಲಿನಾಗ ಶೇಖಪ್ಪನ ದೊಡ್ಡಾಂವ. ಅವನಂಥಾಂವ ಮತ್ತ ಬರಲಿಲ್ಲ. ನನ್ನ ಓಟು ಅವಗ."

ಒಂದೊಂದಾಗಿ ಲೋಟಗಳು ಎದ್ದವು. ಅಣ್ಣಾಸಾಹೇಬರು ಎರಡೂ ಕೈ ಎತ್ತಿದರು. ಎಲ್ಲರದೂ ಆದ ಮೇಲೆ, ಯಾರ ಮುಖವನ್ನೂ ನೋಡದೆ, ಓಂಪ್ರಕಾಶ್ ಕೂಡ ತಮ್ಮ ಲೋಟ ಎತ್ತಿದರು. ಹಾಗೇ ಇಟ್ಟು, ಗೇಟು ತೆಗೆದು ಹೊರಗೆ ಕಾರಿನ ಕಡೆ ಹೋದರು. ಆ ದಿನ ಮಾವನಿಗೆ ಬಿದ್ದ ಪೆಟ್ಟುಗಳಲ್ಲಿ ಯಾವುದು ಯಾವುದಕ್ಕಿಂತ ಜೋರು ಎಂದು ಇಂದಿಗೂ ಲೆಕ್ಕ ಹಾಕಲಾರೆ. ಆದರೆ ಆ ಲೋಟ ಎದ್ದಾಗ ಮಾವ ಕಣ್ಣು ಮುಚ್ಚಿದ್ದನ್ನು ನೋಡಿದೆ. ಅಣ್ಣಾಸಾಹೇಬರು ತಬ್ಬಿಕೊಂಡಾಗ ಅವರು ಮುಚ್ಚಿರಲಿಲ್ಲ.

ಒಳಗೆ ಬಂದರೆ ಮಾವ ಕೋಟು ತೆಗೆದಿಟ್ಟು, ತೋಳು ಮಡಚಿ, ಸಿಂಕಿನ ಮುಂದೆ ನಿಂತಿದ್ದರು. ತೃಪ್ತಿ ಗಾಬರಿಯಾಗಿ, "ಅಯ್ಯೋ ಬೇಡ ಅಂಕಲ್, ಬಿಡಿ, ನಾವು ಮಾಡ್ತೇವೆ" ಎನ್ನುತ್ತಿದ್ದಳು.

"ಸೋತಾಂವ ತಿಕ್ಕಬೇಕು ಅಂತ ನಿಮ್ಮ ಕಾನೂನಲ್ಲೇನವಾ? ಸೋತದ್ದು ನನ್ನ ಮಗಾ. ಅಂವಗ ಈಗ ಕೆಲಸ ಐತಿ, ಹೊರಗ. ನಾ ತಿಕ್ಕತೀನಿ."

ಬಾಗಿಲಲ್ಲಿ ಗಂಡಸರು ನಿಂತಿದ್ದರು. ಪ್ರತಿ ಸಲ ಸಿಂಕಿನಿಂದ ಬಿಡಿಸಿಕೊಂಡು ಹೋಗುತ್ತಿದ್ದವರು, ಈ ಸಲ ಯಾರೂ ಮುಂದೆ ಬರಲಿಲ್ಲ. ಮಾವ ಅನ್ನದ ಪಾತ್ರೆಯ ತಳದಲ್ಲಿ ಅಂಟಿದ್ದನ್ನು ಉಗುರಿನಿಂದ ಕೆರೆದು ತೆಗೆದರು. ಲೋಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ನಾನು ಒರೆಸಿದೆ. ಪುಟ್ಟಿ ನನ್ನ ಕಾಲು ಹಿಡಿದುಕೊಂಡು ಬಿಕ್ಕುತ್ತಿದ್ದಳು.

ಹಿಂದಿರುಗುವಾಗ ಸೂರ್ಯ ಸಮುದ್ರಕ್ಕೆ ಇಳಿಯುತ್ತಿದ್ದ. ಓಷನ್‌ಸೈಡ್ ದಾಟಿದ ಮೇಲೆ ವಲಸೆ ಇಲಾಖೆಯವರು ಕಾರುಗಳನ್ನು ನಿಲ್ಲಿಸಿ ನೋಡುವ ಜಾಗವೊಂದಿದೆ. ಅಲ್ಲಿಗೆ ಬಂದಾಗೆಲ್ಲ ನಾನು ಕಾಗದಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ, ಎಲ್ಲ ಸರಿಯಿದ್ದರೂ. ಅಧಿಕಾರಿ ಬಾಗಿ ಒಳಗೆ ನೋಡಿದ. ಹಿಂದಿನ ಸೀಟಿನ ಕಡೆ ಟಾರ್ಚ್ ತಿರುಗಿಸಿ, ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಓಂಪ್ರಕಾಶ್ ಸ್ಟಿಯರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದರು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಮಗುವಿನ ಚೀಲದಿಂದ ಮಾವನ ಪಾಸ್‌ಪೋರ್ಟು ಹೊರಗೆ ತೆಗೆದೆ.

"ಮೈ ಫಾದರ್" ಎಂದರು ಕೊನೆಗೆ. ಕಾರ್ಲ್ಸ್‌ಬಾಡಿನಿಂದ ಸೆರಿಟೋಸ್ ತನಕ ಅವರು ಆಡಿದ್ದು ಅಷ್ಟೇ.

ಮನೆಗೆ ಬಂದು ಅವರು ಫೋಟೋ ಇಳಿಸಲಿಲ್ಲ. ಇಳಿಸಿದ್ದರೆ ಜಗಳವಾದರೂ ಆಗುತ್ತಿತ್ತು, ಮಾತಾದರೂ ಹೊರಗೆ ಬರುತ್ತಿತ್ತು. ತಲೆ ಎತ್ತಿ ನೋಡುವುದನ್ನು ಬಿಟ್ಟರು, ಅಷ್ಟೆ. ಅಪ್ಪನ ಜೊತೆ ಊಟ, ಔಷಧಿ, ಹವೆ, ಇಷ್ಟೇ ಮಾತು. ನಾನೊಮ್ಮೆ ರೇಗಿದೆ: "ಅವರು ಯಾವತ್ತು ಹೇಳಿದ್ರು ನಿಮಗೆ? ಹೇಳಿದ್ದು ನಿಮ್ಮಮ್ಮ."

"ಅಲ್ಲ ಅಂತಾನೂ ಹೇಳಲಿಲ್ಲವಲ್ಲ" ಎಂದರು. "ಅವತ್ತು ಮಾತ್ರ ಹೇಳಿದ್ರು. ಎಲ್ಲರ ಮುಂದೆ."

ಮಾವ ವೀಸಾ ಮುಗಿಯುವ ಮೊದಲೇ ಟಿಕೆಟ್ ಬದಲಿಸಿಕೊಂಡು ಹೊರಟರು. ಪುಟ್ಟಿ ಮತ್ತೆ ಡೇ ಕೇರಿಗೆ, ಅವಳ ಕಿವಿ ಮತ್ತೆ ಡಾಕ್ಟರ ಬಳಿಗೆ. ಕೆಲವು ದಿನ ಅವಳು ಅಡುಗೆಮನೆಯ ಬಾಗಿಲ ತನಕ ಓಡಿಬಂದು, ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಒಳಗೂ ಬರದೆ ನಿಂತುಬಿಡುತ್ತಿದ್ದಳು. ಮುಂದಿನ ತಿಂಗಳ ಕೋರ್ಟಿಗೆ ನಾವು ಹೋಗಲಿಲ್ಲ. ಅದರ ಮುಂದಿನದಕ್ಕೆ ಓಂಪ್ರಕಾಶ್ ಒಬ್ಬರೇ ಹೋದರು. ಅಂದು ಬಾಸ್ಟನ್ ಟೀಮು. ಗೆದ್ದು ಬಂದರು.

ಏಪ್ರಿಲಿನಲ್ಲಿ ಒಂದು ಸಂಜೆ ಟೀವಿಯಲ್ಲಿ ಮ್ಯಾಚು ನಡೆಯುತ್ತಿತ್ತು. ಶಿಕಾಗೋವೋ ಡೆಟ್ರಾಯಿಟೋ, ನನಗೆ ನೆನಪಿಲ್ಲ. ಗೋಲ್‌ಕೀಪರ್ ಮೊಣಕಾಲು ಹಿಡಿದುಕೊಂಡು ಬಿದ್ದ. ಎಬ್ಬಿಸಿಕೊಂಡು ಹೋದರು. ಬೆಂಚಿನ ತುದಿಯಲ್ಲಿದ್ದವನು ಕ್ಯಾಪು ತೆಗೆದು, ಮುಖವಾಡ ಹಾಕಿಕೊಂಡು, ತಾನೇ ಬಾಗಿಲು ತೆಗೆದು ಹೊರಗೆ ಬಂದ. ನಾನು ಚಪಾತಿ ಹಿಟ್ಟಿನ ಕೈಯಲ್ಲೇ ಬಂದು ನಿಂತೆ. ಓಂಪ್ರಕಾಶ್ ಅವನು ಗೋಲಿನ ತನಕ ಹೋಗುವುದನ್ನು ನೋಡಿದರು. ಆಮೇಲೆ ರಿಮೋಟ್ ಒತ್ತಿ ಟೀವಿ ಆರಿಸಿ ಗರಾಜಿಗೆ ಹೋದರು. ಏನನ್ನೋ ಹುಡುಕುವವರಂತೆ ಅಲ್ಲಿ ಡಬ್ಬಿಗಳನ್ನು ಎಳೆದಾಡುವ ಸದ್ದು ಕೇಳಿಸುತ್ತಿತ್ತು.

ನಾನು ಟೀವಿ ಹಾಕಿ ನೋಡಿದೆ. ಮರುದಿನ ಗದಗಿಗೆ ಫೋನು ಮಾಡಿದೆ.

"ಮಾವ, ಆ ಟೊಪಗಿಯವನನ್ನ ನಿನ್ನೆ ಆಡಿಸಿದ್ರು."

"ಗೋಲು ಆತೇನು?"

"ಆಯ್ತು ಮಾವ. ಸುಮಾರು ಆಯ್ತು."

"ಆಗೂದ. ಕುಂತು ಕುಂತು ಕಾಲು ಕಟಗಿ ಆಗಿರತಾವು." ಆಮೇಲೆ, "ಓಂ ನೋಡಿದ್ನೇನು?"

"ನೋಡಿದ್ರು."

"ಏನಂದ?"

ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಒಂದು ಸುಳ್ಳು ಆಗಲೇ ಮಾಡಿದ ಕೆಲಸ ಸಾಕಿತ್ತು.

"ಏನೂ ಅನ್ನಲಿಲ್ಲ ಮಾವ."

"ಹೌದೇನು" ಎಂದರು ಅವರು. "ಕೂಸಿನ ಕಿವಿ ಹೆಂಗೈತಿ?"